ಆಸ್ಪತ್ರೆಯೊಳಗೂ ಒಂದು ಕೇರಿ

(ಮೆಡಿಕಲ್, ನರ್ಸಿಂಗ್ ಮತ್ತು ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಈ ಸಭೆಯವರು ನನಗೆ ಕೊಟ್ಟಿರುವ ವಿಷಯ 'ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಶಿಕ್ಷಣ ಹಾಗೂ ಮಾನಸಿಕ ಆರೋಗ್ಯ' ಅಂತ. ವಿಷಯ ದೊಡ್ಡದು. ನಾನು ಭಾಷಣಕಾರಳಲ್ಲ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವಳು. ಕಣ್ಣಾರೆ ಕಂಡದ್ದನ್ನು ಹೇಳ್ತೀನಿ, ಓದಿ ತಿಳಿದುಕೊಂಡದ್ದನ್ನೂ ಹೇಳ್ತೀನಿ. ಒಪ್ಪಿಗೆಯಾಗದಿದ್ದರೆ ಕೊನೆಯಲ್ಲಿ ಎದ್ದು ನಿಂತು ಕೇಳಿ.

ನಮ್ಮ ಸಭೆಗಳಲ್ಲಿ ಭೂಮಿಯ ಬಗ್ಗೆ ಮಾತಾಡ್ತೀವಿ. ಬಾವಿ, ಹೋಟೆಲು, ದೇವಸ್ಥಾನದ ಬಗ್ಗೆ ಮಾತಾಡ್ತೀವಿ. ದೌರ್ಜನ್ಯ ಆದಾಗ ಜಾಥಾ ಹೋಗ್ತೀವಿ. ಆದರೆ ಮನಸ್ಸಿನ ಮಾತು ಬಂದಾಗ ಸುಮ್ಮನಾಗಿಬಿಡ್ತೀವಿ. ಯಾಕೆ? ಮನಸ್ಸಿನ ಕಾಯಿಲೆ ಅನ್ನೋದು ಹೊಟ್ಟೆ ತುಂಬಿದವರ ಕಾಯಿಲೆ ಅಂತ ನಾವು ತಿಳಿದಿದ್ದೀವಿ. ಕೂಲಿಗೆ ಹೋಗುವ ನಮ್ಮವ್ವನಿಗೆ ಬೇಜಾರಾಗೋಕೆ ಪುರುಸೊತ್ತೆಲ್ಲಿ ಅಂತ ನಗ್ತೀವಿ. ಹೋರಾಟಗಾರ ಅಳಬಾರದು ಅಂತ ಬೇರೆ ಒಂದು ನಿಯಮ ಮಾಡಿಕೊಂಡಿದ್ದೀವಿ. ಈ ಮೌನಕ್ಕೆ ನಮ್ಮ ಮಕ್ಕಳ ಪ್ರಾಣ ಬೆಲೆಯಾಗಿ ಹೋಗ್ತಾ ಇದೆ. ಅದಕ್ಕೇ ಇವತ್ತು ಈ ಮಾತು.

ಮೊದಲು ಆಸ್ಪತ್ರೆ ಅಂದರೆ ಏನು ಅಂತ ನೋಡೋಣ. ಆಸ್ಪತ್ರೆಯ ಕೆಲಸವೆಲ್ಲ ಮುಟ್ಟುವ ಕೆಲಸ. ನಾಡಿ ನೋಡಬೇಕಾದರೆ ಮುಟ್ಟಬೇಕು. ಗಾಯ ತೊಳೀಬೇಕಾದರೆ ಮುಟ್ಟಬೇಕು. ಹೆರಿಗೆ ಮಾಡಿಸಬೇಕಾದರೆ ಮುಟ್ಟಬೇಕು. ಮುಟ್ಟಬಾರದು ಅನ್ನುವುದನ್ನೇ ಧರ್ಮ ಮಾಡಿಕೊಂಡ ದೇಶದಲ್ಲಿ ಮುಟ್ಟುವ ವಿದ್ಯೆ ಹೇಗೆ ಬೆಳೆದೀತು?

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಸ್ತಕದಲ್ಲಿ ಒಂದು ಪ್ರಸಂಗ ಕೊಟ್ಟಿದ್ದಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟರ ಹೆಂಡತಿಗೆ ಹೆರಿಗೆಯಾದ ಮೇಲೆ ಮೈ ಕೆಟ್ಟಿತು. ಡಾಕ್ಟರು ಕೇರಿಯೊಳಕ್ಕೆ ಬರಲ್ಲ ಅಂದ. ಊರಿನ ದೊಡ್ಡವರ ಕೈಕಾಲು ಹಿಡಿದು ಕರೆತಂದರೆ, ಬಾಣಂತಿಯನ್ನು ಕೇರಿಯಿಂದ ಆಚೆಗೆ ತರಬೇಕು ಅಂತ ಷರತ್ತು ಹಾಕಿದ. ತಂದರು. ಆತ ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನ ಕೈಗೆ ಕೊಟ್ಟ. ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ವಾಪಸು ಬಂತು. ನ್ಯುಮೋನಿಯಾ ಅಂತ ಹೇಳಿ ಡಾಕ್ಟರು ಹೊರಟುಹೋದ. ಆ ತಾಯಿ ಬದುಕಲಿಲ್ಲ. ಆ ಮೇಷ್ಟರ ಕಾಗದ 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಡಾಕ್ಟರಿಗೆ ವಿದ್ಯೆ ಇರಲಿಲ್ಲವೆ? ಇತ್ತು. ಕೈ ಇರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಕೈ ನೋಡಿ. 1897ರಲ್ಲಿ ಪುಣೆಗೆ ಪ್ಲೇಗು ಬಂತು. ಊರಿಗೆ ಊರೇ ಗುಳೆ ಹೋಗುತ್ತಿದ್ದಾಗ ಸಾವಿತ್ರಿಬಾಯಿ ಫುಲೆ ತಮ್ಮ ಸಾಕುಮಗ ಡಾಕ್ಟರ್ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತರು. ರೋಗ ತಗುಲಿದ ಒಬ್ಬ ಮಹಾರ್ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ಅವರಿಗೂ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಸಾವಿತ್ರಿಬಾಯಿಯನ್ನು ಮೊದಲ ಶಿಕ್ಷಕಿ ಅಂತ ಕರೀತೀವಿ. ನಾನು ಅವರನ್ನು ನಮ್ಮ ಹಿರಿಯ ನರ್ಸ್ ಅಂತಲೂ ಕರೀತೀನಿ.

ನಮ್ಮ ಹಳ್ಳಿಗಳಲ್ಲೂ ಹೊಕ್ಕುಳಬಳ್ಳಿ ಕತ್ತರಿಸುವುದು, ಮೈಲಿಗೆಯ ಬಟ್ಟೆ ಒಗೆಯುವುದು ಎಷ್ಟೋ ಕಡೆ ನಮ್ಮ ಕೇರಿಯ ಹೆಂಗಸರ ಪಾಲಿಗೇ ಬಂದಿತ್ತು. ಹುಟ್ಟುವ ಮಗುವನ್ನು ಮೊದಲು ಮುಟ್ಟುತ್ತಿದ್ದದ್ದು ನಮ್ಮ ಅಜ್ಜಿಯ ಕೈ. ಹನ್ನೊಂದನೇ ದಿನಕ್ಕೆ ಆ ಮಗು ನಮ್ಮ ಅಜ್ಜಿಗೆ ಮುಟ್ಟಬಾರದ ಮಗು ಆಗುತ್ತಿತ್ತು. ಆದ್ದರಿಂದ ವೈದ್ಯವೂ ಶುಶ್ರೂಷೆಯೂ ನಮಗೆ ಯಾರೋ ಕೊಟ್ಟ ಭಿಕ್ಷೆ ಅಲ್ಲ. ಕೋಟಾದಿಂದ ಬಂದ ಹೊಸ ವಿದ್ಯೆಯೂ ಅಲ್ಲ. ಅದು ಹಿಂದಿನಿಂದಲೂ ನಮ್ಮ ದುಡಿಮೆ. ಹೆಸರು, ಸಂಬಳ, ಗೌರವ ಬಂದ ಕಾಲಕ್ಕೆ ಮಾತ್ರ ಅದು ಬೇರೆಯವರದಾಯಿತು.

ಈಗಿನ ಆಸ್ಪತ್ರೆಗೆ ಬನ್ನಿ. ಅಲ್ಲಿ ಒಂದು ಏಣಿ ಇದೆ. ಮೇಲೆ ಪ್ರೊಫೆಸರ್, ಕೆಳಗೆ ಪಿ.ಜಿ., ಅವರ ಕೆಳಗೆ ಹೌಸ್ ಸರ್ಜನ್, ಆಮೇಲೆ ಸ್ಟಾಫ್ ನರ್ಸ್, ನರ್ಸಿಂಗ್ ವಿದ್ಯಾರ್ಥಿ, ಆಯಾ, ಕೊನೆಗೆ ಗುತ್ತಿಗೆಯ ಪೌರಕಾರ್ಮಿಕಳು. ಏಣಿ ಇಳಿದ ಹಾಗೆಲ್ಲ ರೋಗಿಯ ಮೈ ಮುಟ್ಟುವ ಕೆಲಸ ಜಾಸ್ತಿ, ಸಂಬಳ ಕಮ್ಮಿ, ಮರ್ಯಾದೆ ಇನ್ನೂ ಕಮ್ಮಿ. ರಕ್ತ, ಕೀವು, ಮಲ, ಮೂತ್ರ ಯಾರ ಕೈಗೆ ಬರುತ್ತೋ ಅವರ ಜಾತಿ ಯಾವುದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಊರಿಗೊಂದು ಕೇರಿ ಇರೋ ಹಾಗೆ ಆಸ್ಪತ್ರೆಯೊಳಗೂ ಒಂದು ಕೇರಿ ಇದೆ. ಅದಕ್ಕೆ ಬೇಲಿ ಇಲ್ಲ, ಬೋರ್ಡು ಇಲ್ಲ. ಒಳಗೆ ಹೋದವರಿಗೆ ಮಾತ್ರ ಕಾಣುತ್ತೆ.

ನರ್ಸಿಂಗ್ ಓದುವ ನಮ್ಮ ಹುಡುಗಿಯರ ಕಥೆ ಮೊದಲು ಹೇಳ್ತೀನಿ. ಡಾಕ್ಟರ ಕಥೆಯನ್ನು ಪೇಪರಿನವರಾದರೂ ಬರೀತಾರೆ, ನರ್ಸಿನ ಕಥೆಯನ್ನು ಯಾರೂ ಬರೆಯಲ್ಲ.

ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ನಮ್ಮ ಹುಡುಗಿಯರು ಬಹಳ ಮಂದಿ ಕನ್ನಡ ಮಾಧ್ಯಮದಿಂದ ಬರ್ತಾರೆ. ಮೊದಲನೇ ದಿನವೇ ಅನಾಟಮಿ, ಫಿಸಿಯಾಲಜಿ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನೊಳಗೆ ಲ್ಯಾಟಿನ್. ಕ್ಲಾಸಿನಲ್ಲಿ ಫಸ್ಟ್ ಬರುತ್ತಿದ್ದ ಹುಡುಗಿ ಒಂದೇ ವಾರದಲ್ಲಿ ದಡ್ಡಿ ಆಗಿಬಿಡ್ತಾಳೆ. ಅವಳು ದಡ್ಡಿ ಅಲ್ಲ, ಭಾಷೆ ಬದಲಾಗಿದೆ ಅಷ್ಟೇ. ಇದನ್ನು ಅವಳಿಗೆ ಹೇಳುವವರು ಯಾರೂ ಇಲ್ಲ. ತರಗತಿ ಮುಗಿದ ಮೇಲೆ ಪೋಸ್ಟಿಂಗ್. ಕಲಿಕೆ ಅನ್ನುವ ಹೆಸರಿನಲ್ಲಿ ಎಷ್ಟೋ ಕಡೆ ವಾರ್ಡಿನ ಅರ್ಧ ಕೆಲಸ ಈ ಹುಡುಗಿಯರದೇ. ನರ್ಸಿಂಗ್ ಕೌನ್ಸಿಲಿನ ಮಾನದಂಡದ ಪ್ರಕಾರ ಬೋಧಕ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ಹಾಸಿಗೆಗೆ 1 ನರ್ಸ್ ಇರಬೇಕು. ಮೂರು ಪಾಳಿಗೆ ಹಂಚಿದರೆ ಒಂದು ಪಾಳಿಗೆ 9 ಹಾಸಿಗೆಗೆ ಒಬ್ಬಳು. ನಾನು ಒಬ್ಬಳೇ ರಾತ್ರಿ ಪಾಳಿಯಲ್ಲಿ ನಲವತ್ತು ಹಾಸಿಗೆ ನೋಡಿದ್ದೀನಿ. ಖಾಲಿ ಬಿಟ್ಟಿರುವ ಆ ಹುದ್ದೆಗಳನ್ನು ತುಂಬುತ್ತಿರುವುದು ಸಂಬಳವಿಲ್ಲದ ವಿದ್ಯಾರ್ಥಿನಿಯರ ಕೈಗಳು. ಇದಕ್ಕೆ 'ಸೇವೆ' ಅಂತ ಹೆಸರು. ನಮ್ಮ ಅಪ್ಪಂದಿರ ಕಾಲದಲ್ಲಿ ಇದಕ್ಕೆ ಬಿಟ್ಟಿ ಚಾಕರಿ ಅನ್ನುತ್ತಿದ್ದರು.

ಫೀಜಿನ ಕಥೆ ಕೇಳಿ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಆಗ ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದರು. ಆ ಹಣ ಇವತ್ತಿಗೂ ಹೊತ್ತಿಗೆ ಸರಿಯಾಗಿ ಕೈಗೆ ಬರಲ್ಲ. ಪೋರ್ಟಲಿನಲ್ಲಿ ಹೆಸರು ಹೊಂದಿಕೆಯಾಗಲಿಲ್ಲ, ಆಧಾರ್ ಜೋಡಣೆಯಾಗಲಿಲ್ಲ, ಕಾಲೇಜಿನವರು ಮುಂದಕ್ಕೆ ಕಳಿಸಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂತು. ಫೀಜು ಕಟ್ಟು, ಆಮೇಲೆ ಹಾಲ್ ಟಿಕೆಟ್. ಎಲ್ಲರೆದುರು ಹೆಸರು ಕೂಗಿ ನಿಲ್ಲಿಸ್ತಾರೆ. ಸರ್ಕಾರ ಕೊಡಬೇಕಾದ ಬಾಕಿಗೆ ಹುಡುಗಿ ತಲೆ ತಗ್ಗಿಸಬೇಕು.

ನಾನು ಓದಿದ್ದು ಒಂದು ಖಾಸಗಿ ಶಾಲೆಯಲ್ಲಿ. ಸೇರಿದ ದಿನವೇ ನನ್ನ ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಮೂಲ ಅಂಕಪಟ್ಟಿ ತೆಗೆದಿಟ್ಟುಕೊಂಡರು. ಬಾಂಡಿಗೆ ಸಹಿ ಹಾಕಿಸಿಕೊಂಡರು. ಕೋರ್ಸು ಮುಗಿದ ಮೇಲೆ ಅವರ ಆಸ್ಪತ್ರೆಯಲ್ಲೇ ಅವರು ಕೊಟ್ಟಷ್ಟಕ್ಕೆ ದುಡಿಯಬೇಕು, ಬಿಟ್ಟು ಹೋದರೆ ದಂಡ. ನನ್ನ ತಾತ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಅವರು ಹೆಬ್ಬೆಟ್ಟು ಒತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಎರಡು ತಲೆಮಾರಿನಲ್ಲಿ ಆದ ಪ್ರಗತಿ ಅಷ್ಟು! ಈ ಬಾಂಡು ಪದ್ಧತಿ ಶೋಷಣೆ ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಕೂಡ 2011ರಲ್ಲಿ ಒಪ್ಪಿಕೊಂಡು ಅದನ್ನು ಬಿಡಲು ಹೇಳಿತು. ನಿಮ್ಮಲ್ಲಿ ಯಾರ ಮೂಲ ಅಂಕಪಟ್ಟಿಯನ್ನಾದರೂ ಹಾಗೆ ಹಿಡಿದಿಟ್ಟುಕೊಂಡಿದ್ದರೆ ಅದು ಅಡವಿಟ್ಟ ಒಡವೆ ಅಲ್ಲ, ನಿಮ್ಮ ಸ್ವತ್ತು ಅಂತ ತಿಳೀರಿ.

ಓದು ಮುಗಿದ ಮೇಲಾದರೂ ಏನು? 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 50 ಹಾಸಿಗೆಗಿಂತ ಕಡಿಮೆ ಇರುವ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಆ ಸಮಿತಿ ಶಿಫಾರಸು ಮಾಡಿತು. ನಿಮ್ಮ ಊರಿನ ನರ್ಸಿಂಗ್ ಹೋಮಿಗೆ ಹೋಗಿ ಅಲ್ಲಿಯ ಸಿಸ್ಟರನ್ನು ಕೇಳಿ, ಎಷ್ಟು ಬರುತ್ತೆ ಅಂತ. 2020ರ ಮೇ ತಿಂಗಳಲ್ಲಿ ಕೊರೊನಾ ಕಾಲದಲ್ಲಿ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದರು. ಹೂವಿನಿಂದ ಮನೆ ಬಾಡಿಗೆ ಕಟ್ಟೋಕಾಗಲ್ಲ ಗೆಳೆಯರೆ.

ಇನ್ನು ರೋಗಿಯ ಹಾಸಿಗೆ ಪಕ್ಕ. ಇಂಜೆಕ್ಷನ್ ಕೊಡೋಕೆ ಹೋದರೆ, 'ಯಾವೂರಮ್ಮ? ಯಾವ ಪೈಕಿ?' ಅಂತ ಕೇಳ್ತಾರೆ. ಹೇಳಿದ ಮೇಲೆ ಸೂಜಿ ಚುಚ್ಚಿಸಿಕೊಳ್ತಾರೆ, ಪ್ರಾಣದ ಆಸೆ ಅಲ್ಲವಾ! ಮಾತ್ರೆ ನುಂಗೋಕೆ ನೀರು ಕೊಟ್ಟರೆ ಮಾತ್ರ, 'ಅಲ್ಲಿಡು, ನಮ್ಮ ಹುಡುಗ ಬರ್ತಾನೆ' ಅಂತಾರೆ. ಅದನ್ನು ಕೇಳಿಯೂ ಮುಖದಲ್ಲಿ ನಗು ಇಟ್ಟುಕೊಂಡು ಮುಂದಿನ ಹಾಸಿಗೆಗೆ ಹೋಗಬೇಕು. ಸಿಸ್ಟರ್ ಅಂದರೆ ಸಹನೆಯ ಮೂರ್ತಿ ಅಂತ ಪಾಠ ಮಾಡಿದ್ದಾರೆ. ಆ ಸಹನೆ ದಿನಾ ಎಲ್ಲಿ ಹೋಗಿ ಸೇರುತ್ತೆ? ಮೈಯೊಳಗೆ ಸೇರುತ್ತೆ. ತಲೆನೋವು, ಹೊಟ್ಟೆ ಉರಿ, ನಿದ್ದೆಗೇಡು ಆಗಿ ಆಚೆ ಬರುತ್ತೆ.

ಈಗ ಮೆಡಿಕಲ್ ಕಾಲೇಜಿನ ಮಾತು. ಅಲ್ಲಿ 'ಯಾವ ಪೈಕಿ' ಅಂತ ಯಾರೂ ಕೇಳಲ್ಲ, ಅವರು ಓದಿದವರು. 'ನಿನ್ನ ರ‍್ಯಾಂಕ್ ಎಷ್ಟು?' ಅಂತ ಕೇಳ್ತಾರೆ. ಎರಡು ಪ್ರಶ್ನೆಯೂ ಒಂದೇ. ಸೀಟು ಹಂಚಿಕೆ ಪಟ್ಟಿಯಲ್ಲಿ ಹೆಸರಿನ ಮುಂದೆ ಕೆಟಗರಿ ಇರುತ್ತೆ. ಹಾಸ್ಟೆಲಿಗೆ ಟ್ರಂಕು ಬರುವ ಮೊದಲೇ ಜಾತಿ ಬಂದು ಕೂತಿರುತ್ತೆ. ಆಮೇಲೆ ಯಾರೂ ಬೈಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ. ಸೀನಿಯರ್ ನೋಟ್ಸು ಒಂದು ಗುಂಪಿನೊಳಗೇ ಸುತ್ತುತ್ತೆ. ಹಳೇ ಪ್ರಶ್ನೆಪತ್ರಿಕೆ ಆ ಗುಂಪಿನೊಳಗೇ ಇರುತ್ತೆ. ಆ ಗುಂಪಿಗೆ ನಿಮ್ಮನ್ನು ಸೇರಿಸಿಕೊಳ್ಳಲ್ಲ. ಲಿಖಿತ ಪರೀಕ್ಷೆಯಲ್ಲಿ ನಂಬರು ಮಾತ್ರ ಕಾಣುತ್ತೆ, ವೈವಾದಲ್ಲಿ ಮುಖ ಕಾಣುತ್ತೆ. ಮುಖ ನೋಡಿ ಕೊಡುವ ಅಂಕ ಯಾವುದೋ ಅಲ್ಲೇ ನಮ್ಮ ಮಕ್ಕಳು ಉರುಳ್ತಾರೆ.

ಇದು ನನ್ನ ಊಹೆ ಅಲ್ಲ. 2006ರಲ್ಲಿ ಮೀಸಲಾತಿ ವಿರೋಧಿ ಚಳವಳಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಜೋರಾಗಿ ನಡೆಯಿತು. ಅಲ್ಲಿಯ ಪರಿಶಿಷ್ಟ ವಿದ್ಯಾರ್ಥಿಗಳ ದೂರಿನ ಮೇಲೆ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಸಮಿತಿ ತನಿಖೆ ಮಾಡಿ 2007ರಲ್ಲಿ ವರದಿ ಕೊಟ್ಟಿತು. ಪಾಠದಲ್ಲಿ, ಪ್ರಾಕ್ಟಿಕಲ್ಲಿನಲ್ಲಿ, ವೈವಾದಲ್ಲಿ ತಾರತಮ್ಯವಿದೆ ಅಂತ ವಿದ್ಯಾರ್ಥಿಗಳು ಹೇಳಿದ್ದು ಅದರಲ್ಲಿದೆ. ಊಟದ ಮೇಜಿನಲ್ಲಿ, ಆಟದ ಮೈದಾನದಲ್ಲಿ ದೂರ ಇಟ್ಟದ್ದು ಇದೆ. ಹಿಂಸೆ ತಾಳಲಾರದೆ ಅವರು ಕೊಠಡಿ ಬಿಟ್ಟುಬಿಟ್ಟು ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒಟ್ಟಾಗಿ ಸೇರಿಕೊಂಡದ್ದು ಇದೆ. ದೇಶದ ದೊಡ್ಡಾಸ್ಪತ್ರೆಯ ಹಾಸ್ಟೆಲಿನಲ್ಲಿ ಕೇರಿ ಹುಟ್ಟಿಕೊಂಡಿತು ಅಂತ ಇದರ ಅರ್ಥ. ಅದೇ ಸಂಸ್ಥೆಯಲ್ಲಿ 2010ರ ಮಾರ್ಚ್ 3ರಂದು ಬಾಲ್ ಮುಕುಂದ್ ಭಾರತಿ ಎಂಬ ಕೊನೆಯ ವರ್ಷದ ದಲಿತ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ. 2012ರಲ್ಲಿ ಅನಿಲ್ ಕುಮಾರ್ ಮೀನಾ ಎಂಬ ಬುಡಕಟ್ಟು ಹುಡುಗ.

2019ರ ಮೇ 22ರಂದು ಮುಂಬಯಿಯಲ್ಲಿ ಡಾಕ್ಟರ್ ಪಾಯಲ್ ತಡ್ವಿ. ಜಳಗಾಂವ್ ಕಡೆಯ ಭಿಲ್ ತಡ್ವಿ ಬುಡಕಟ್ಟಿನ ಹೆಣ್ಣುಮಗಳು. ಎಂ.ಬಿ.ಬಿ.ಎಸ್. ಮುಗಿಸಿ ಪ್ರಸೂತಿ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದಳು. ಸೀನಿಯರುಗಳು ಜಾತಿ ಹಿಡಿದು ಹೀಯಾಳಿಸ್ತಾರೆ, ಕೆಲಸ ಕಲಿಯೋಕೆ ಬಿಡಲ್ಲ ಅಂತ ಅವಳ ತಾಯಿ ಮೊದಲೇ ದೂರು ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವರು ಸೀನಿಯರ್ ಡಾಕ್ಟರುಗಳ ಮೇಲೆ ಪೊಲೀಸರು ಆರೋಪಪಟ್ಟಿ ಹಾಕಿದರು, ತೀರ್ಪು ಹೇಳೋದು ನ್ಯಾಯಾಲಯದ ಕೆಲಸ. ನಾನು ಕೇಳುವ ಪ್ರಶ್ನೆ ಬೇರೆ: ತಾಯಿ ಹೇಳಿದ ದಿನವೇ ಆ ಮಾತು ಕೇಳುವ ಒಂದು ಕಿವಿ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾಕೆ ಇರಲಿಲ್ಲ? ಆ ತಾಯಿ ಅಬೇದಾ ತಡ್ವಿ ಮತ್ತು ಹೈದರಾಬಾದಿನ ರೋಹಿತ್ ವೇಮುಲನ ತಾಯಿ ರಾಧಿಕಾ ವೇಮುಲ ಇಬ್ಬರೂ ಸೇರಿ 2019ರಲ್ಲೇ ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮಕ್ಕಳು ಹೋದರು, ಬೇರೆಯವರ ಮಕ್ಕಳಾದರೂ ಉಳಿಯಲಿ ಅಂತ.

ಮಹಾರಾಷ್ಟ್ರ, ದೆಹಲಿ ದೂರ ಅಂತ ತಿಳೀಬೇಡಿ. 2016ರಲ್ಲಿ ನಮ್ಮ ಕಲಬುರಗಿಯಲ್ಲಿ ಕೇರಳದಿಂದ ನರ್ಸಿಂಗ್ ಓದೋಕೆ ಬಂದಿದ್ದ ದಲಿತ ಹುಡುಗಿಗೆ ಸೀನಿಯರುಗಳು ಕಕ್ಕಸು ತೊಳೆಯುವ ದ್ರವ ಕುಡಿಸಿದರು ಅಂತ ಕೇಸಾಯಿತು. ರಾಜ್ಯ ದಾಟಿ, ಭಾಷೆ ದಾಟಿ ಬಂದರೂ ಜಾತಿ ಅವಳ ಬೆನ್ನು ಬಿಡಲಿಲ್ಲ. ಕಾಲೇಜಿನ ಒಳಕ್ಕೆ ಬರುವ ಮೊದಲೇ ಸೋತವರೂ ಇದ್ದಾರೆ. ತಮಿಳುನಾಡಿನ ಅರಿಯಲೂರಿನ ಅನಿತಾ ಪ್ಲಸ್ ಟೂನಲ್ಲಿ 1200ಕ್ಕೆ 1176 ಅಂಕ ತೆಗೆದವಳು, ಮೂಟೆ ಹೊರುವವರ ಮಗಳು. ನೀಟ್ ಪರೀಕ್ಷೆ ಅವಳ ದಾರಿ ಮುಚ್ಚಿತು. ಸುಪ್ರೀಂ ಕೋರ್ಟಿನವರೆಗೂ ಹೋದಳು. 2017ರ ಸೆಪ್ಟೆಂಬರ್ 1ಕ್ಕೆ ಇಲ್ಲವಾದಳು.

ಗೆಳೆಯರೆ, ಈ ಹೆಸರುಗಳನ್ನು ಪೂಜೆ ಮಾಡೋಕೆ ನಾನು ಹೇಳ್ತಾ ಇಲ್ಲ. ಸತ್ತು ಹುತಾತ್ಮರಾದರು ಅಂತ ಪೋಸ್ಟರು ಹಾಕುವುದು ಸುಲಭ. ಈ ಸಭೆಯಲ್ಲಿ ನೊಂದು ಕೂತಿರುವ ಒಬ್ಬ ತಮ್ಮನಿಗೆ ಆ ಪೋಸ್ಟರು ಏನು ಹೇಳುತ್ತೆ? ಬದುಕಿದ್ದಾಗ ಯಾರೂ ಕೇಳಲ್ಲ, ಸತ್ತರೆ ಕೇಳ್ತಾರೆ ಅಂತ ಹೇಳುತ್ತೆ. ಆ ಪಾಠವನ್ನು ನಾವು ಕಲಿಸಬಾರದು. ನೀವು ಬದುಕಿದ್ದಾಗಲೇ ಕೇಳುವುದು ಚಳವಳಿಯ ಕೆಲಸ.

ಈಗ ಮನಸ್ಸು ಹೇಗೆ ಮುರಿಯುತ್ತೆ ನೋಡೋಣ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದರು. ಮೇಲುಜಾತಿಯ 321, ಕೆಳಜಾತಿಯ 321 ಶಾಲಾ ಹುಡುಗರು. ಕಾಗದದ ಮೇಲೆ ಬರೆದ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಆಟ, ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡು ಗುಂಪಿನವರೂ ಹೆಚ್ಚುಕಮ್ಮಿ ಸರಿಸಮ ಬಿಡಿಸಿದರು. ಅದೇ ಆಟವನ್ನು, ಎಲ್ಲರೆದುರು ಹೆಸರಿನ ಜೊತೆ ಜಾತಿ ಓದಿ ಹೇಳಿ ಆಡಿಸಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಬುದ್ಧಿ ಅದೇ, ಕೈ ಅದೇ, ಪೆನ್ಸಿಲ್ ಅದೇ. ನಡುವೆ ಬಂದದ್ದು ಜಾತಿಯ ಕೂಗು ಒಂದೇ. ನ್ಯಾಯವಾಗಿ ಅಂಕ ಕೊಡ್ತಾರೋ ಇಲ್ಲವೋ ಅನ್ನುವ ಅಪನಂಬಿಕೆ ಒಳಗೆ ಹೊಕ್ಕಿತು.

'ಮೆರಿಟ್' ಅಂತ ಕೂಗುವವರಿಗೆ ಈ ಪ್ರಯೋಗ ಹೇಳಿ. ನೋಟೀಸ್ ಬೋರ್ಡಿನ ಮೇಲೆ ಕೆಟಗರಿ ಅಂಟಿಸಿ, ವೈವಾದಲ್ಲಿ ರ‍್ಯಾಂಕ್ ಕೇಳಿ, ಆಮೇಲೆ ಇವರಿಗೆ ಮೆರಿಟ್ ಇಲ್ಲ ಅನ್ನುವುದು ಕಾಲು ಕಟ್ಟಿ ಓಡಿಸಿದ ಹಾಗೆ.

ಬಾಬಾಸಾಹೇಬರನ್ನೇ ನೋಡಿ. ಅಮೆರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದರು. ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಓಡಿಸಿದರು. ಅವರು ಅತ್ತರು. ಅಂಥ ಮಹಾನುಭಾವರೇ ಅತ್ತದ್ದನ್ನು ಮುಚ್ಚಿಡದೆ ಬರೆದರು. ಹಾಗಿದ್ದಾಗ ನಿನಗೆ ಅಳು ಬಂದರೆ ಅದು ಹೇಡಿತನ ಹೇಗಾಗುತ್ತೆ ತಮ್ಮ?

ನಮ್ಮ ಮಕ್ಕಳ ಮೇಲೆ ಇನ್ನೊಂದು ಭಾರ ಇದೆ, ಅದು ಮೇಲುಜಾತಿಯವರು ಹೊರಿಸಿದ್ದಲ್ಲ, ನಾವೇ ಹೊರಿಸಿದ್ದು. ಸೀಟು ಸಿಕ್ಕಿದ ದಿನ ಕೇರಿಯಲ್ಲಿ ಬ್ಯಾನರ್ ಕಟ್ಟುತ್ತೀವಿ. ನಮ್ಮ ಜನದ ಮೊದಲ ಡಾಕ್ಟರು ಅಂತ ಹಾರ ಹಾಕ್ತೀವಿ. ಅಪ್ಪ ಸಾಲ ಮಾಡಿರ್ತಾನೆ, ಅಕ್ಕ ಓದು ಬಿಟ್ಟಿರ್ತಾಳೆ. ಈಗ ಆ ಹುಡುಗ ಫಸ್ಟ್ ಇಯರ್ ಫೇಲಾದರೆ ಯಾವ ಮುಖ ಹೊತ್ತು ಊರಿಗೆ ಬರಬೇಕು? ಹಬ್ಬಕ್ಕೂ ಬರಲ್ಲ. ಫೋನಿನಲ್ಲಿ 'ಚೆನ್ನಾಗಿದ್ದೀನವ್ವ' ಅಂತಾನೆ. ಸೀಟು ಬಿಡೋಣ ಅಂದರೆ ಲಕ್ಷಗಟ್ಟಲೆ ದಂಡದ ಬಾಂಡು. ಮುಂದೆ ಹೋಗೋಕಾಗಲ್ಲ, ಹಿಂದೆ ಬರೋಕಾಗಲ್ಲ. ಉಸಿರು ಕಟ್ಟೋದು ಇಲ್ಲೇ. ಸೀಟು ಬಿಡುವವರ ಮೇಲಿನ ಈ ದಂಡವನ್ನು ತೆಗೆಯಿರಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳನ್ನು ಕೇಳಿಕೊಂಡಿತು.

ಅದೇ ಆಯೋಗದ ಲೆಕ್ಕ ಕೇಳಿ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಕೊಟ್ಟ ಉತ್ತರದ ಪ್ರಕಾರ 5 ವರ್ಷಗಳಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು, 1,270 ಮಂದಿ ಓದು ಬಿಟ್ಟರು. ಓದು ಬಿಟ್ಟವರಲ್ಲಿ ಬಹುಪಾಲು ಪಿ.ಜಿ.ಯವರು. 2024ರಲ್ಲಿ ಆಯೋಗದ ಕಾರ್ಯಪಡೆ ವರದಿ ಕೊಟ್ಟಿತು. 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು, 5,337 ಪಿ.ಜಿ.ಗಳು ಸಮೀಕ್ಷೆಗೆ ಉತ್ತರಿಸಿದ್ದರು. ಪಿ.ಜಿ.ಗಳಲ್ಲಿ ನೂರಕ್ಕೆ 31 ಮಂದಿಗೆ ಸಾಯುವ ಯೋಚನೆ ಬಂದಿತ್ತು, ಎಂ.ಬಿ.ಬಿ.ಎಸ್.ನವರಲ್ಲಿ ನೂರಕ್ಕೆ 16 ಮಂದಿಗೆ. ಹಾಗಾದರೆ ಈ ನೋವು ಎಲ್ಲ ಜಾತಿಗೂ ಇದೆ. ಮೂವತ್ತಾರು ಗಂಟೆ ಡ್ಯೂಟಿ ಮೇಲುಜಾತಿಯ ಹುಡುಗನನ್ನೂ ಸುಡುತ್ತೆ. ಆದರೆ ಅವನ ಮನೆಯಲ್ಲಿ ಡಾಕ್ಟರು ಮಾವ ಇರ್ತಾನೆ, ಫೋನು ಮಾಡಿ ಮಾತಾಡ್ತಾನೆ. ನಮ್ಮವನಿಗೆ ಮೂವತ್ತಾರು ಗಂಟೆಯ ಮೇಲೆ ಜಾತಿಯ ಮೂವತ್ತೇಳನೇ ಗಂಟೆ ಇರುತ್ತೆ.

ಇಂಥವರಿಗೆ ಸಮಾಜ ಎರಡು ಉಪದೇಶ ಕೊಡುತ್ತೆ. ಕಾಲೇಜಿನವರು 'ಯೋಗ ಮಾಡು, ಧ್ಯಾನ ಮಾಡು' ಅಂತಾರೆ. ಬೆಂಕಿ ಹಚ್ಚಿದವನನ್ನು ಬಿಟ್ಟು ಸುಟ್ಟವನಿಗೆ ಉಸಿರಾಟ ಕಲಿಸಿದ ಹಾಗೆ. ನಮ್ಮವರು 'ಧೈರ್ಯ ತಗೋ, ಹೋರಾಟ ಮಾಡು' ಅಂತಾರೆ. ಅದೂ ಪೂರ್ತಿ ಸರಿಯಲ್ಲ. ಕಾಲು ಮುರಿದವನಿಗೆ ಮೆರವಣಿಗೆಗೆ ಬಾ ಅನ್ನುವ ಮುಂಚೆ ಪಟ್ಟಿ ಕಟ್ಟಬೇಕು. ನಾನು ನರ್ಸ್ ಆಗಿ ಹೇಳ್ತೀನಿ: ಎರಡು ವಾರಕ್ಕೂ ಮೇಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಓದಿದ್ದು ತಲೆಗೆ ಹತ್ತದಿದ್ದರೆ, ಯಾರ ಮುಖ ನೋಡೋಕೂ ಬೇಡ ಅನ್ನಿಸಿದರೆ, ನಾನಿದ್ದು ಏನು ಪ್ರಯೋಜನ ಅನ್ನುವ ಯೋಚನೆ ಬಂದರೆ ಅದು ಕಾಯಿಲೆಯ ಲಕ್ಷಣ. ಅದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಮನಸ್ಸಿನ ಡಾಕ್ಟರ ಹತ್ತಿರ ಹೋದವನು ಹೋರಾಟ ಬಿಟ್ಟವನಲ್ಲ, ಹೋರಾಡೋಕೆ ಉಳಿದವನು. 14416 ನಂಬರಿಗೆ ಫೋನು ಮಾಡಿದರೆ ಹಗಲೂ ರಾತ್ರಿ ಪುಕ್ಕಟೆ ಮಾತಾಡ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಟೆಲಿ ಮಾನಸ್ ಅಂತ ಅದರ ಹೆಸರು. 2022ರಲ್ಲಿ ಶುರುವಾಯಿತು, ಅದರ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆ ನಂಬರನ್ನು ಕಕ್ಕಸಿನ ಬಾಗಿಲ ಒಳಗಡೆ ಅಂಟಿಸಿ. ಯಾರೂ ನೋಡದ ಹಾಗೆ ಬರೆದುಕೊಳ್ಳುವವರು ಬರೆದುಕೊಳ್ಳಲಿ.

ನಮ್ಮ ಹುಡುಗರಿಗೆ ಒಂದು ಮಾತು, ಕಹಿಯಾದರೂ ಕೇಳಿ. ಇದೇ ಹಾಸ್ಟೆಲಿನಲ್ಲಿ 'ನರ್ಸಾ? ನೈಟ್ ಡ್ಯೂಟಿನಾ?' ಅಂತ ಕಣ್ಣು ಹೊಡೆಯುವವರಿದ್ದಾರೆ. ಫೋಟೊಕ್ಕೆ ಸಾವಿತ್ರಿಬಾಯಿ ಬೇಕು, ಮದುವೆಗೆ ನರ್ಸ್ ಬೇಡ. ನಮ್ಮಲ್ಲೇ ಎಡಗೈ ಬಲಗೈ ಅಂತ ರೂಮು ಬೇರೆ ಮಾಡಿಕೊಳ್ಳುವವರಿದ್ದಾರೆ. ಎಂ.ಬಿ.ಬಿ.ಎಸ್. ಹುಡುಗ ನಮ್ಮದೇ ಕೇರಿಯ ಆಯಾಳನ್ನು ಕಂಡು ಮುಖ ತಿರುಗಿಸ್ತಾನೆ. ಏಣಿಯ ಒಂದು ಮೆಟ್ಟಿಲು ಹತ್ತಿ ಕೆಳಗಿನವರ ತಲೆ ಮೇಲೆ ಕಾಲಿಟ್ಟರೆ, ನಾವು ಏಣಿ ಮುರಿಯೋಕೆ ಬಂದವರಾ, ಏರೋಕೆ ಬಂದವರಾ?

ಕಾನೂನಿನಲ್ಲಿ ಏನಿದೆ ತಿಳಿದಿರಲಿ. 1989ರ ದೌರ್ಜನ್ಯ ತಡೆ ಕಾಯ್ದೆ ಕಾಲೇಜಿಗೂ ವಾರ್ಡಿಗೂ ಅನ್ವಯಿಸುತ್ತೆ. ಸಾರ್ವಜನಿಕರ ಕಣ್ಣೆದುರು ಜಾತಿ ಹಿಡಿದು ಬೈದರೆ ಅಪರಾಧ, ಬೈದವನು ಪ್ರೊಫೆಸರ್ ಆದರೂ ಅಪರಾಧ. ಮೆಡಿಕಲ್ ಕಾಲೇಜುಗಳಲ್ಲಿ ರ‍್ಯಾಗಿಂಗ್ ತಡೆಯೋಕೆ 2021ರ ನಿಯಮಾವಳಿ ಇದೆ. ರೆಸಿಡೆಂಟ್ ಡಾಕ್ಟರ ನಿರಂತರ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. 2024ರ ಕಾರ್ಯಪಡೆ ವಾರಕ್ಕೆ 74 ಗಂಟೆ ದಾಟಬಾರದು ಅಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಒಬ್ಬ ಅರ್ಹ ಆಪ್ತ ಸಲಹೆಗಾರರನ್ನೋ ಮನಶ್ಶಾಸ್ತ್ರ ತಿಳಿದವರನ್ನೋ ಇಟ್ಟುಕೊಳ್ಳಬೇಕು ಅಂತ ನಿರ್ದೇಶನ ಕೊಟ್ಟಿತು. ರೋಹಿತ್ ಹೆಸರಿನ ಕಾಯ್ದೆಯ ಕರಡು ನಮ್ಮ ರಾಜ್ಯದಲ್ಲಿ 2025ರಲ್ಲಿ ಚರ್ಚೆಗೆ ಬಂತು. ಕಾಗದ ಬಹಳ ಇದೆ. ಕಾಗದಕ್ಕೆ ಕಾಲು ಕೊಡುವವರು ಬೇಕು. ಅದು ನೀವು.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡೋದು? ನನ್ನ ಸಲಹೆ ಇಷ್ಟು.

1. ಪ್ರತಿ ಹಾಸ್ಟೆಲಿನಲ್ಲಿ ಮೊದಲ ವರ್ಷದ ಒಬ್ಬೊಬ್ಬರಿಗೂ ಒಬ್ಬ ಸೀನಿಯರ್ ಅಣ್ಣ ಅಥವಾ ಅಕ್ಕ ಇರಲಿ. ವಾರಕ್ಕೊಮ್ಮೆ ಕೂತು 'ಊಟ ಆಯ್ತಾ, ನಿದ್ದೆ ಬಂತಾ' ಅಂತ ಕೇಳಲಿ. ಓದಿದ್ದನ್ನು ಆಮೇಲೆ ಕೇಳಲಿ.

2. ಹಳೇ ನೋಟ್ಸು, ಪ್ರಶ್ನೆಪತ್ರಿಕೆ, ಪುಸ್ತಕಗಳ ಪೆಟ್ಟಿಗೆ ಮಾಡಿ. ಅನಾಟಮಿಯ ಮಾತುಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಸೈಕ್ಲೋಸ್ಟೈಲ್ ಮಾಡಿ ಹಂಚಿ. ಅವರ ಗುಂಪಿಗೆ ಸೇರಿಸಿಕೊಳ್ಳದಿದ್ದರೆ ನಮ್ಮ ಗುಂಪು ನಾವು ಕಟ್ಟೋಣ.

3. ಅವಮಾನ ಆದ ದಿನವೇ ತಾರೀಖು, ಹೊತ್ತು, ಆಡಿದ ಮಾತು, ಎದುರಿಗಿದ್ದವರ ಹೆಸರು ಬರೆದಿಡಿ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

4. ಯಾರಾದರೂ ಮಾತು ಬಿಟ್ಟರೆ, ಸಾಮಾನು ಹಂಚೋಕೆ ಶುರು ಮಾಡಿದರೆ, ಸಾಯುವ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚಾಗಲ್ಲ, ಹಗುರಾಗುತ್ತೆ. ಒಂಟಿ ಬಿಡಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ.

5. ಮನೆಯವರಿಗೆ ಮೊದಲೇ ಹೇಳಿಡಿ: ಫೇಲಾಗೋದು ಸಾವಲ್ಲ, ಸಪ್ಲಿಮೆಂಟರಿ ಇದೆ. ಕೋರ್ಸು ಬಿಟ್ಟು ಬಂದರೂ ಮನೆಯ ಬಾಗಿಲು ತೆರೆದಿರುತ್ತೆ ಅಂತ ಅಪ್ಪ ಅವ್ವನ ಬಾಯಲ್ಲಿ ಒಮ್ಮೆ ಹೇಳಿಸಿ.

ಸರ್ಕಾರವನ್ನು ನಾವು ಕೇಳುವುದು ಹೀಗೆ. ವಿದ್ಯಾರ್ಥಿವೇತನ ಪರೀಕ್ಷೆಗೆ ಮುಂಚೆ ಬರಲಿ, ಅದು ಬಾರದ್ದಕ್ಕೆ ಹಾಲ್ ಟಿಕೆಟ್ ತಡೆಹಿಡಿಯುವ ಕಾಲೇಜಿನ ಮೇಲೆ ಕ್ರಮ ಆಗಲಿ. ವೈವಾದಲ್ಲಿ ಹೊರಗಿನ ಪರೀಕ್ಷಕರ ಜೊತೆ ನಮ್ಮ ಸಮುದಾಯದ ಅಧ್ಯಾಪಕರೂ ಇರಲಿ. ನರ್ಸಿಂಗ್ ಹುದ್ದೆಗಳನ್ನು ಗುತ್ತಿಗೆಯಿಂದಲ್ಲ, ಕಾಯಮ್ಮಾಗಿ ತುಂಬಲಿ. ಸತ್ತವರ, ಓದು ಬಿಟ್ಟವರ ಲೆಕ್ಕವನ್ನು ಜಾತಿವಾರು ಪ್ರಕಟಿಸಲಿ. ನೇಮಿಸುವ ಆಪ್ತ ಸಲಹೆಗಾರರಿಗೆ ಜಾತಿ ಅಂದರೇನು ಅನ್ನೋದು ಗೊತ್ತಿರಲಿ. 'ಜಾತಿ ಎಲ್ಲಿದೆ, ಅದು ನಿನ್ನ ಮನಸ್ಸಿನಲ್ಲಿದೆ' ಅನ್ನುವ ಸಲಹೆಗಾರ ನಮಗೆ ಬೇಡ.

ಕೊನೆಯ ಮಾತು. ಕೇರಿಯಲ್ಲಿ ಜ್ವರ ಬಂದು ಮಲಗಿದ ಮುದುಕಿಯ ಹಣೆ ಮುಟ್ಟಿ ನೋಡುವ ಕೈ ಬೇಕು. ಕುಡಿಯೋಕೆ ನೀರು ಕೊಟ್ಟು ಎತ್ತಿ ಕೂರಿಸುವ ಕೈ ಬೇಕು. ಆ ಕೈ ನಿಮ್ಮದು. ನೀವು ಡಾಕ್ಟರಾಗಿ, ನರ್ಸಾಗಿ ಬರೋದನ್ನು ಆ ಮುದುಕಿ ಕಾಯ್ತಾ ಇದ್ದಾಳೆ. ಅದಕ್ಕಿಂತ ಮುಂಚೆ ನೀವು ಮನುಷ್ಯರಾಗಿ, ಬದುಕಿ, ಊಟ ಮಾಡಿ, ನಿದ್ದೆ ಮಾಡಿ ಇರಬೇಕು. ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರು ಹೇಳಿದ ಮೂರೂ ಜೀವ ಇದ್ದವರು ಮಾಡುವ ಕೆಲಸ. ಜೀವ ಉಳಿಸಿಕೊಳ್ಳಿ, ಪಕ್ಕದವರ ಜೀವವನ್ನೂ ಉಳಿಸಿ.

ಜೈ ಭೀಮ್.